ಪಿಕ್ ಅಪ್ ಅಂದರೆ ಬರೀ ಎತ್ತೋದಲ್ಲ

‘ವಿ ವಿಲ್ ಪಿಕ್ ಅಪ್ ದ ಫ್ರೇಟ್.’

ತಮಿಳುನಾಡಿನ ಒಂದು ನೂಲಿನ ಗಿರಣಿಯಿಂದ ಬಂದ ಮೇಲ್‌ನ ಕೊನೆಯ ಸಾಲು ಇದು. ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬೇರೆ ಮಾಡುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ ಆಗ ನನಗೆ ಮೂರು ತಿಂಗಳಾಗಿತ್ತು. ಇಂಗ್ಲಿಷ್ ಮೇಲ್ ಓದಿ ಸಾವ್ಕಾರ್ರಿಗೆ ಕನ್ನಡದಲ್ಲಿ ಹೇಳುವುದೂ ನನ್ನದೇ ಕೆಲಸ. ನಾನು ಐದನೇ ತರಗತಿಯಲ್ಲಿ ಎಬಿಸಿಡಿ ಕಲಿತವಳು. ಆದರೂ ಬಿ.ಕಾಂ ಮುಗಿಸುವ ಹೊತ್ತಿಗೆ ಇಂಗ್ಲಿಷ್ ಓದುವ ಭಯ ಹೋಗಿತ್ತು.

ವ್ಯಾಪಾರ ನೂರು ಬೇಲ್‌ನದು. ಒಂದು ಬೇಲ್ ಅಂದರೆ ಒತ್ತಿ ಕಟ್ಟಿದ 170 ಕೆಜಿ ಅರಳೆ. ನೂರು ಬೇಲ್ ಅಂದರೆ 17 ಟನ್, ಒಂದು ಲಾರಿ ಲೋಡು. ರೇಟು ಕ್ಯಾಂಡಿ ಲೆಕ್ಕದಲ್ಲಿ ಕುದುರಿತ್ತು. ರೈತರು ತರುವ ಹತ್ತಿಗೆ ಕ್ವಿಂಟಲ್ ಲೆಕ್ಕ. ಬೀಜ ತೆಗೆದ ಅರಳೆಗೆ ಇವತ್ತಿಗೂ ಕ್ಯಾಂಡಿ ಲೆಕ್ಕ. ಒಂದು ಕ್ಯಾಂಡಿ ಅಂದರೆ ಸುಮಾರು 356 ಕೆಜಿ.

ಆ ಕೊನೆಯ ಸಾಲನ್ನು ಎರಡು ಸಲ ಓದಿದೆ. ಪಿಕ್ ಅಪ್ ಅಂದರೆ ಎತ್ತು. ಫ್ರೇಟ್ ಅಂದರೆ ಸರಕು. ಸರಕು ನಾವೇ ಎತ್ತಿಕೊಂಡು ಹೋಗ್ತೀವಿ ಅಂತಿದ್ದಾರೆ, ಲಾರಿ ಅವರೇ ಕಳಿಸ್ತಾರೆ. ಸಾವ್ಕಾರ್ರಿಗೆ ಹಾಗೇ ಹೇಳಿದೆ. ಹೊರಗೆ ಹೋಗಿ ಹಮಾಲರಿಗೂ ಹೇಳಿದೆ. ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ, ಲೋಡಿಂಗ್ ಇದೆ.

ಅವರು ಬಂದರು. ಎಂಟು ಜನ. ಲಾರಿ ಬರಲಿಲ್ಲ. ಬೇಲ್ ಲೆಕ್ಕದ ಮೇಲೆ ಅವರಿಗೆ ಕೂಲಿ. ಎತ್ತಿದರೆ ರೊಕ್ಕ, ಎತ್ತದಿದ್ದರೆ ಇಲ್ಲ. ಮಧ್ಯಾಹ್ನದ ತನಕ ಗೋಡೆ ನೆರಳಿಗೆ ಕೂತು ರೊಟ್ಟಿ ಉಂಡು ಎದ್ದು ಹೋದರು. ಮರುದಿನವೂ ಬಂದರು, ಮರುದಿನವೂ ಹಾಗೇ. ಅವರಲ್ಲಿ ಹಿರಿಯರಾದ ಕಾಕಾ ಒಬ್ಬರು ಹೋಗುವಾಗ ಕಿಟಕಿ ಹತ್ತಿರ ನಿಂತು ಕೇಳಿದರು. ‘ಯವ್ವಾ, ನಾಳೆನರ ಬರ್ತೈತೇನ್ ಲಾರಿ? ಇಲ್ಲಂದ್ರ ನಾವು ಗಂಜ್‌ಗೆ ಹೋಗ್ತೀವಿ, ಅಲ್ಲಿ ಕೆಲಸ ಐತಿ.’ ನಾನು ಬರುತ್ತೆ ಕಾಕಾ ಅಂದೆ.

ಮೂರನೇ ದಿನ ಬೆಳಿಗ್ಗೆ ಗಿರಣಿಯಿಂದಲೇ ಫೋನ್ ಬಂತು. ಲೋಡ್ ಯಾಕೆ ಹೊರಟಿಲ್ಲ ಅಂತ. ನಿಮ್ಮ ಲಾರಿಗೆ ಕಾಯ್ತಾ ಇದ್ದೀವಿ ಸರ್ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಹೇಳಿದರು: ಲಾರಿ ನೀವು ಮಾಡಬೇಕು, ಬಾಡಿಗೆ ಮಾತ್ರ ನಾವು ಕೊಡ್ತೀವಿ. ಮೇಲ್‌ನಲ್ಲಿ ಅದನ್ನೇ ಬರೆದಿದ್ದು.

ಫ್ರೇಟ್ ಅನ್ನೋ ಪದಕ್ಕೆ ಸರಕು ಅಂತಲೂ ಅರ್ಥ ಇದೆ, ಸಾಗಣೆ ಬಾಡಿಗೆ ಅಂತಲೂ ಇದೆ. ಪಿಕ್ ಅಪ್ ಅನ್ನೋದಕ್ಕೆ ಎತ್ತಿಕೊಂಡು ಹೋಗು ಅಂತಲೂ ಇದೆ, ಖರ್ಚನ್ನು ನಾನು ಕೊಡ್ತೀನಿ ಅನ್ನೋ ಅರ್ಥವೂ ಇದೆ. ಹೋಟೆಲ್‌ನಲ್ಲಿ ಊಟ ಆದ ಮೇಲೆ ಒಬ್ಬರು ಬಿಲ್ ಪಿಕ್ ಅಪ್ ಮಾಡಿದರು ಅಂದರೆ ಮೇಜಿನ ಮೇಲಿನ ಚೀಟಿ ಎತ್ತಿದರು ಅಂತಲ್ಲ, ದುಡ್ಡು ಅವರೇ ಕೊಟ್ಟರು ಅಂತ. ಮೊದಲು ಚೀಟಿ ಎತ್ತಿದವರೇ ದುಡ್ಡು ಕೊಡುತ್ತಿದ್ದರು ಅಲ್ವಾ, ಆ ಮಾತೇ ಹೀಗೆ ಮುಂದೆ ನಡೆದಿದೆ. ಆ ಸಾಲನ್ನು ಎರಡೂ ರೀತಿ ಓದಬಹುದಿತ್ತು. ಈಗ ಅದು ನನಗೆ ಚೆನ್ನಾಗಿ ಗೊತ್ತು. ಅವತ್ತು ಮಾತ್ರ ನನ್ನ ಕಣ್ಣ ಮುಂದೆ ಇದ್ದದ್ದು ಎಂಟು ಜನರ ಎರಡು ದಿನದ ಕೂಲಿ.

ಸಾವ್ಕಾರ್ರು ಬೈಯಲಿಲ್ಲ. ‘ತಂಗಿ, ತಿಳೀಲಿಲ್ಲಂದ್ರ ಒಂದು ಫೋನ್ ಹಚ್ಚಿ ಕೇಳು’ ಅಂದರು ಅಷ್ಟೇ. ಆದರೆ ನನಗೆ ತಿಳಿದಿರಲಿಲ್ಲ ಅನ್ನೋದೇ ನನಗೆ ತಿಳಿದಿರಲಿಲ್ಲ. ಕಷ್ಟದ ಪದ ಬಂದಿದ್ದರೆ ನಿಘಂಟು ತೆಗೆಯುತ್ತಿದ್ದೆ. ಪಿಕ್ ಮತ್ತು ಅಪ್, ಎರಡೂ ಸಣ್ಣ ಪದ, ಎರಡೂ ಗೊತ್ತಿರುವ ಪದ. ಗೊತ್ತಿರುವ ಎರಡು ಪದ ಜೊತೆಯಾಗಿ ಗೊತ್ತಿಲ್ಲದ ಮೂರನೆಯದು ಆಗುತ್ತದೆ ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಂಥವಕ್ಕೆ ಫ್ರೇಸಲ್ ವರ್ಬ್ ಅಂತ ಹೆಸರು. ನಮ್ಮ ಪಾಠದಲ್ಲಿ ಕಲೆಕ್ಟ್, ರಿಸೀವ್, ಲರ್ನ್, ಇಂಪ್ರೂವ್ ಅಂತ ಬಿಡಿ ಬಿಡಿ ಪದ ಇದ್ದವು. ಈ ನಾಲ್ಕೂ ಕೆಲಸವನ್ನು ಪಿಕ್ ಅಪ್ ಒಂದೇ ಮಾಡುತ್ತದೆ ಅಂತ ಎಲ್ಲಿಯೂ ಬರೆದಿರಲಿಲ್ಲ.

ಆ ರಾತ್ರಿ ನಿಘಂಟಿನಲ್ಲಿ ನೋಡುತ್ತಾ ಕೂತೆ. ಕೆಳಗಿನದನ್ನು ಎತ್ತು. ಬಸ್‌ಸ್ಟ್ಯಾಂಡಿಗೆ ಹೋಗಿ ಯಾರನ್ನಾದರೂ ಕರೆದುಕೊಂಡು ಬಾ. ಬರುವಾಗ ಅಂಗಡಿಯಲ್ಲಿ ಹಾಲು ತಗೊಂಡು ಬಾ. ಯಾರೂ ಕಲಿಸದೆ ಭಾಷೆ ಕಲಿ. ಚಟ ಹತ್ತಿಸಿಕೋ. ನೆಗಡಿ ಅಂಟಿಸಿಕೋ. ರೇಡಿಯೋದಲ್ಲಿ ಸ್ಟೇಷನ್ ಹಿಡಿ. ಫೋನ್ ಎತ್ತು. ಪೊಲೀಸರು ಹಿಡಿದುಕೊಂಡು ಹೋಗು. ಬಿಟ್ಟ ಮಾತು ಮತ್ತೆ ಶುರು ಮಾಡು. ವ್ಯಾಪಾರ ಚೇತರಿಸು. ಗಾಳಿ ಜೋರಾಗು. ಓದುತ್ತಾ ಹೋದಂತೆ ಮನಸ್ಸಿಗೆ ಭಾರ ಆಯಿತು. ಇಷ್ಟನ್ನೂ ಬಾಯಿಪಾಠ ಮಾಡುವುದು ಹೇಗೆ? ಇದು ಒಂದು ಮಾತಿನ ಕಥೆ. ಇಂಥವು ಇಂಗ್ಲಿಷ್‌ನಲ್ಲಿ ಸಾವಿರಾರಿವೆ.

ಆಮೇಲೆ ಒಂದು ವಿಷಯ ಓದಿ ಸಮಾಧಾನ ಆಯಿತು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಂದ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ ಈ ಮಾತು ಇದೆ. ಕ್ರಿಯಾಪದದ ನಂತರ ಸಣ್ಣ ಪದ ಸೇರಿಸಿ ಅರ್ಥ ಬದಲಿಸುವುದು ತಮ್ಮ ಭಾಷೆಯಲ್ಲಿ ಬಹಳ ಇದೆ, ಪರದೇಶದವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದೇ ಅಂತ ಆತ ಬರೆದಿದ್ದ. ಮಾನ್ವಿ ತಾಲ್ಲೂಕಿನ ಹಳ್ಳಿಯ ಹುಡುಗಿಗೆ ಎಲ್ಲಿ ಕಷ್ಟ ಆಗುತ್ತದೆ ಅಂತ ಲಂಡನ್ನಿನಲ್ಲಿ ಕೂತ ಮನುಷ್ಯನಿಗೆ 1755ರಲ್ಲೇ ಗೊತ್ತಿತ್ತು.

ದಾರಿ ಸಿಕ್ಕಿದ್ದು ಮಾತ್ರ ಪುಸ್ತಕದಲ್ಲಲ್ಲ. ಅವ್ವನ ಬಾಯಲ್ಲಿ.

ಆ ವಾರ ಊರಿಗೆ ಹೋಗಿದ್ದೆ. ನಮ್ಮದು ಎರೆ ಹೊಲ, ನಾಲ್ಕು ಎಕರೆ. ಹತ್ತಿ ಬಿಡಿಸುವುದು ನಡೆದಿತ್ತು. ಅವ್ವ ಉಡಿ ಕಟ್ಟಿಕೊಂಡು ಸಾಲಿನಲ್ಲಿ ಬಗ್ಗಿ ಹೋಗುತ್ತಿದ್ದಳು, ನಾನು ಪಕ್ಕದ ಸಾಲು ಹಿಡಿದೆ. ಕೈ ಆಡಿಸುತ್ತಲೇ ಲಾರಿ ಕಥೆ ಎಲ್ಲಾ ಹೇಳಿದೆ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಎಲ್ಲಾ ಕೇಳಿ ಅಂದಳು: ‘ಬಾಡಿಗಿ ಅವ್ರು ತಮ್ಮ ಮ್ಯಾಲ ಹಾಕ್ಕೊಂಡಾರ. ಅಷ್ಟ ಅಲ್ಲೇನು?’

ಹಾಕ್ಕೊಂಡಾರ. ಹಾಕಿದ್ದಾರೆ ಅಲ್ಲ, ಹಾಕಿಕೊಂಡಿದ್ದಾರೆ. ಆ ‘ಕೊಂಡು’ ನನ್ನ ಕಿವಿಯಲ್ಲಿ ಉಳಿಯಿತು.

ರಾತ್ರಿ ಮತ್ತೆ ಆ ಅರ್ಥಗಳನ್ನೆಲ್ಲ ಒಂದೊಂದಾಗಿ ಕನ್ನಡ ಮಾಡಿ ನೋಡಿದೆ. ನೆಲದ ಮೇಲಿನದನ್ನು ಎತ್ತಿಕೊಂಡೆ. ತಮ್ಮನನ್ನು ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಬಂದೆ. ಹಾಲು ತೆಗೆದುಕೊಂಡೆ. ತೆಲುಗು ಕಲಿತುಕೊಂಡೆ. ಚಟ ಅಂಟಿಸಿಕೊಂಡ. ನೆಗಡಿ ಹತ್ತಿಸಿಕೊಂಡ. ಪೊಲೀಸರು ಹಿಡಿದುಕೊಂಡು ಹೋದರು. ಖರ್ಚು ವಹಿಸಿಕೊಂಡರು. ಮಾರುಕಟ್ಟೆ ಚೇತರಿಸಿಕೊಂಡಿತು. ಬಿದ್ದವನು ಸಾವರಿಸಿಕೊಂಡ. ಎಲ್ಲದರಲ್ಲೂ ‘ಕೊಂಡು’ ಇದೆ! ಮೊದಲ ಪದ ಬದಲಾಗುತ್ತದೆ, ಕೊನೆಯ ಕೊಂಡು ಹಾಗೇ ಇರುತ್ತದೆ.

ನಾನು ಇಷ್ಟು ವರ್ಷ ಪಿಕ್ ಅಪ್ ಅಂದರೆ ಎತ್ತು ಅಂತ ಇಟ್ಟುಕೊಂಡಿದ್ದೆ. ಅದು ತಪ್ಪು ಕೊಂಡಿ. ಎತ್ತು ಅನ್ನೋದಕ್ಕೆ ಲಿಫ್ಟ್ ಇದೆ. ಬೇಲ್ ಎತ್ತಿ ಲಾರಿಗೆ ಹಾಕುವುದು ಲಿಫ್ಟ್. ಪಿಕ್ ಅಪ್‌ನ ಜೀವ ಇರುವುದು ‘ಕೊಳ್ಳು’ವಿನಲ್ಲಿ. ಎಲ್ಲೋ ಇದ್ದದ್ದು ನನ್ನ ಕಡೆಗೆ ಬಂತು, ನನ್ನದಾಯಿತು, ಇನ್ನು ನನ್ನ ಜೊತೆ ಬರುತ್ತದೆ. ಅದು ಚೀಲ ಆಗಲಿ, ಮಗು ಆಗಲಿ, ಜ್ವರ ಆಗಲಿ, ಬಾಡಿಗೆಯ ಭಾರ ಆಗಲಿ. ಯಾವುದು ಬಂತು ಅನ್ನೋದನ್ನು ಪಿಕ್ ಅಪ್ ಹೇಳುವುದಿಲ್ಲ. ಅದರ ಮುಂದೆ ಬರುವ ಪದ ಹೇಳುತ್ತದೆ. ಹಾಗಾಗಿ ನಾನೀಗ ಪಿಕ್ ಅಪ್ ಕಂಡ ಕೂಡಲೇ ಅಲ್ಲಿ ನಿಲ್ಲುವುದಿಲ್ಲ. ಏನನ್ನು ಅಂತ ಮುಂದೆ ನೋಡುತ್ತೇನೆ. ಭಾರದ ವಸ್ತುವೇ, ಮನುಷ್ಯರೇ, ದುಡ್ಡೇ, ರೋಗವೇ? ಅದು ಗೊತ್ತಾದರೆ ಯಾವ ‘ಕೊಂಡು’ ಅಂತ ಬಾಯಿಗೆ ತಾನೇ ಬರುತ್ತದೆ.

ಎಲ್ಲ ಕಡೆಗೂ ಇದು ಸರಿಹೋಗುತ್ತದೆ ಅಂತ ಹೇಳಲಾರೆ. ಫೋನ್ ಎತ್ತು ಅಂತೀವಿ, ಫೋನ್ ಎತ್ತಿಕೋ ಅನ್ನುವುದು ಕಡಿಮೆ. ಅಮೆರಿಕದವರು ಮಗುವಿಗೆ ನಿನ್ನ ರೂಮ್ ಪಿಕ್ ಅಪ್ ಮಾಡು ಅಂದರೆ ಅಲ್ಲಿ ಬಿದ್ದ ಸಾಮಾನೆಲ್ಲ ಎತ್ತಿಡು, ಚೊಕ್ಕ ಮಾಡು ಅಂತ. ಅದಕ್ಕೂ ಕೊಳ್ಳು ಹೊಂದುವುದಿಲ್ಲ. ಇಂಥ ಒಂದೆರಡನ್ನು ಬೇರೆಯಾಗಿ ನೆನಪಿಟ್ಟರೆ ಆಯಿತು.

ಹೊಲದಲ್ಲೇ ಇನ್ನೊಂದು ತಿಳಿಯಿತು. ಹತ್ತಿ ಬಿಡಿಸುವುದಕ್ಕೆ ಇಂಗ್ಲಿಷ್‌ನಲ್ಲಿ ಬರೀ ಪಿಕ್. ಪಿಕ್ ಅಪ್ ಅಲ್ಲ. ಗಿಡದ ಮೇಲೆ ಒಡೆದ ಕಾಯಿಂದ ಬೆರಳಲ್ಲಿ ಎಳೆದು ತೆಗೆಯುವುದು ಪಿಕ್. ಗಾಳಿಗೆ ಉದುರಿ ನೆಲಕ್ಕೆ ಬಿದ್ದದ್ದನ್ನು ಬಗ್ಗಿ ತೆಗೆದುಕೊಂಡರೆ ಪಿಕ್ ಅಪ್. ಎರಡೂ ಒಂದೇ ಉಡಿಗೆ ಬೀಳುತ್ತವೆ. ಆದರೆ ಕೈಯ ಕೆಲಸ ಬೇರೆ. ಅವ್ವ ನೆಲದ ಹತ್ತಿಯನ್ನು ಬೇರೆ ಚೀಲಕ್ಕೆ ಹಾಕುತ್ತಾಳೆ, ಅದಕ್ಕೆ ಮಣ್ಣು ಕಸ ಇರುತ್ತದೆ, ರೇಟು ಕಡಿಮೆ. ಬರೀ ಪಿಕ್ ಅನ್ನೋದಕ್ಕೆ ನಮ್ಮ ‘ಆಯು’ ಬಹಳ ಹತ್ತಿರ. ಚಿಂದಿ ಆಯುತ್ತೇವೆ, ಕಾಳಿನಲ್ಲಿ ಕಲ್ಲು ಆಯುತ್ತೇವೆ, ಸೀರೆ ಅಂಗಡಿಯಲ್ಲಿ ಬೇಕಾದ ಬಣ್ಣ ಆಯ್ದುಕೊಳ್ಳುತ್ತೇವೆ. ಪಿಕ್‌ಗೂ ಹಾಗೇ ಕೀಳು, ಹೆಕ್ಕು, ಆರಿಸು ಎಲ್ಲಾ ಅರ್ಥ ಇದೆ. ಒಂದು ಸಣ್ಣ ಅಪ್ ಸೇರಿದರೆ ಹತ್ತಿಯ ರೇಟೇ ಬದಲಾಗುತ್ತದೆ. ಇದನ್ನು ನಾನು ಇವತ್ತಿಗೂ ಮರೆತಿಲ್ಲ.

ಹತ್ತಿಯಲ್ಲೇ ಇನ್ನೊಂದು ಬಗೆಯ ಪಿಕ್ ಅಪ್ ಇದೆ. ಅದು ಯಾರೂ ಬೇಕಂತ ಮಾಡಿದ್ದಲ್ಲ. ಒಣಗಿದ ಎಲೆಯ ಚೂರು ಹತ್ತಿಗೆ ಅಂಟುತ್ತದೆ. ಮಿಲ್ಲಿನಲ್ಲಿ ಅದಕ್ಕೆ ಟ್ರ್ಯಾಶ್ ಅಂತೀವಿ. ಬೆಳಗಿನ ಜಾವ ಇಬ್ಬನಿ ಆರುವ ಮುಂಚೆ ಬಿಡಿಸಿದರೆ ಹತ್ತಿ ತೇವ ಹೀರಿಕೊಂಡಿರುತ್ತದೆ. ಇಂಗ್ಲಿಷ್‌ನವರು ಇದನ್ನೂ ಪಿಕ್ ಅಪ್ ಅಂತಲೇ ಹೇಳುತ್ತಾರೆ, ಹತ್ತಿ ತೇವ ಪಿಕ್ ಅಪ್ ಮಾಡಿತು ಅಂತ. ಈ ತೇವಕ್ಕೆ ದುಡ್ಡಿನ ಲೆಕ್ಕ ಇದೆ. ಭಾರತೀಯ ಹತ್ತಿ ನಿಗಮ ಬೆಂಬಲ ಬೆಲೆಗೆ ಕೊಳ್ಳುವಾಗ ತೇವಾಂಶ 8 ಪರ್ಸೆಂಟ್ ಒಳಗಿದ್ದರೆ ಪೂರ್ತಿ ಬೆಲೆ ಕೊಡುತ್ತದೆ. ಅದಕ್ಕಿಂತ ಜಾಸ್ತಿ ಆದಂತೆ ಬೆಲೆ ಕಡಿತ. 12 ದಾಟಿದರೆ ಹತ್ತಿ ವಾಪಸ್. ಅದಕ್ಕೇ ಅವ್ವ ಬಿಸಿಲು ಬಂದು ಗಿಡ ಒಣಗುವ ತನಕ ಹೊಲಕ್ಕೆ ಇಳಿಯುವುದಿಲ್ಲ.

ಹತ್ತಿ ತೇವ ಹೀರಿಕೊಂಡಿದ್ದು, ಮಗು ಶಾಲೆಯಿಂದ ನೆಗಡಿ ತಂದುಕೊಂಡಿದ್ದು, ನಾನು ರಾಯಚೂರಿನ ಓಣಿಯಲ್ಲಿ ಇದ್ದು ಇದ್ದು ತೆಲುಗು ಮತ್ತು ದಖನಿ ಉರ್ದು ಕಲಿತುಕೊಂಡಿದ್ದು, ಮೂರೂ ಒಂದೇ ಪಿಕ್ ಅಪ್. ಪಕ್ಕದಲ್ಲಿ ಇದ್ದರೆ ಸಾಕು, ಅಂಟಿಕೊಳ್ಳುತ್ತದೆ. ಕ್ಲಾಸಿಗೆ ಹೋಗಿ, ಫೀಸ್ ಕಟ್ಟಿ, ಪುಸ್ತಕ ಇಟ್ಟುಕೊಂಡು ಕಲಿತದ್ದಕ್ಕೆ ಪಿಕ್ ಅಪ್ ಅನ್ನುವುದಿಲ್ಲ. ನಾನು ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಕಲಿತದ್ದು ಲರ್ನ್. ತೆಲುಗು ಕಲಿತದ್ದು ಪಿಕ್ ಅಪ್. ಈ ವ್ಯತ್ಯಾಸ ನನಗೆ ಬಹಳ ಇಷ್ಟ. ರಾಯಚೂರಿನಲ್ಲಿ ಹಣ್ಣಿನ ಗಾಡಿಯ ಮುಂದೆ ಐದು ನಿಮಿಷ ನಿಂತರೆ ಮೂರು ಭಾಷೆ ಕಿವಿಗೆ ಬೀಳುತ್ತವೆ. ನಮ್ಮೂರ ಜನ ಭಾಷೆ ಕಲಿಯುವುದೇ ಹೀಗೆ.

ಇದಕ್ಕೆ ನಮ್ಮ ಕಡೆಯ ಮಾತು ‘ಹತ್ತು’. ಪಿಕ್ ಅಪ್‌ಗೆ ಇಷ್ಟೊಂದು ಅರ್ಥ ಅಂತ ಹೆದರಿದ್ದೆನಲ್ಲ, ಒಂದು ದಿನ ಸುಮ್ನೆ ಕೂತು ಅವ್ವ ಫೋನ್‌ನಲ್ಲಿ ಆಡಿದ ಹತ್ತುಗಳನ್ನು ಬರೆದುಕೊಂಡೆ. ಬಸ್ ಹತ್ತಿದೇನು? ರಾಯಚೂರಿಗೆ ಎಷ್ಟೊತ್ತು ಹತ್ತತೈತಿ? ಒಲಿ ಹತ್ತವಲ್ದು, ಕಟಿಗಿ ಹಸಿ ಐತಿ. ರಾತ್ರಿ ನಿದ್ದಿ ಹತ್ತಲಿಲ್ಲ. ಆ ಹುಡುಗಗ ಕುಡಿಯೋ ಚಟ ಹತ್ತೈತಿ. ಉಂಡಿದ್ದು ಮೈಗೆ ಹತ್ತವಲ್ದು. ಮದುವಿಗೆ ರೊಕ್ಕ ಭಾಳ ಹತ್ತತಾವ. ನಾಯಿ ಬೆನ್ನ ಹತ್ತಿತ್ತು. ಮಳಿ ಬರಾಕ ಹತ್ತೈತಿ. ಅದರ ಮೇಲೆ ಒಂಬತ್ತು ಆದ ಮೇಲೆ ಬರುವ ಹತ್ತು ಬೇರೆ ಇದೆ. ಏರುವುದು, ಬೇಕಾಗುವುದು, ಉರಿಯುವುದು, ಬರುವುದು, ಅಂಟುವುದು, ಹಿಂಬಾಲಿಸುವುದು, ಶುರುವಾಗುವುದು, ಎಲ್ಲಾ ಹತ್ತು. ಮೈಸೂರಿನ ಕಡೆಯವರಿಗೇ ಇದರಲ್ಲಿ ಕೆಲವು ತಿಳಿಯುವುದಿಲ್ಲ. ನಮ್ಮ ಮಿಲ್ಲಿಗೆ ಮಂಡ್ಯದಿಂದ ಬಂದ ಮಷಿನ್ ರಿಪೇರಿಯವರು ಎರಡು ತಾಸು ಹತ್ತುತ್ತದೆ ಅಂದರೆ ಏನನ್ನು ಹತ್ತಬೇಕು ಅಂತ ಕೇಳಿದ್ದರು. ಅವರಿಗೆ ಅಲ್ಲಿ ‘ಹಿಡಿಯುತ್ತೆ’ ಅನ್ನಬೇಕಂತೆ.

ನನ್ನ ಅವ್ವ ಈ ಯಾವ ಹತ್ತನ್ನೂ ಪಟ್ಟಿ ಮಾಡಿ ಕಲಿತಿಲ್ಲ. ನಾನೂ ಕಲಿತಿಲ್ಲ. ಒಲೆ ಅಂದ ಕೂಡಲೇ ಯಾವ ಹತ್ತು ಅಂತ ಗೊತ್ತಾಗುತ್ತದೆ, ಬಸ್ ಅಂದ ಕೂಡಲೇ ಗೊತ್ತಾಗುತ್ತದೆ. ಅರ್ಥ ಹೇಳುವುದು ಪಕ್ಕದ ಪದ. ಹಾಗಾದರೆ ಪಿಕ್ ಅಪ್ ಓದುವ ಕಲೆ ನಮಗೆ ಹುಟ್ಟಿನಿಂದಲೇ ಬಂದಿದೆ ಅಲ್ವಾ? ಇಂಗ್ಲಿಷ್ ಬಂದ ಕೂಡಲೇ ಅದನ್ನು ಬಿಟ್ಟು ಪಟ್ಟಿ ಹಿಡಿಯುತ್ತೇವೆ.

ಫೆಬ್ರವರಿಯಲ್ಲಿ ಅದೇ ಗಿರಣಿಯಿಂದ ಇನ್ನೊಂದು ಮೇಲ್ ಬಂತು. ‘ಪ್ರೈಸಸ್ ಹ್ಯಾವ್ ಪಿಕ್ಡ್ ಅಪ್.’ ಈ ಸಲ ಮುಂದೆ ಯಾವ ಪದವೂ ಇಲ್ಲ. ಬೆಲೆಗಳು ಏನನ್ನೂ ಎತ್ತಿಕೊಂಡಿಲ್ಲ, ತಾವೇ ಏನೋ ಆಗಿವೆ. ನಾನು ಅರ್ಥ ಊಹಿಸಿದೆ, ಆದರೂ ಸಾವ್ಕಾರ್ರಿಗೆ ಹೇಳುವ ಮುಂಚೆ ಖಾತ್ರಿ ಬೇಕಿತ್ತು. ಅವತ್ತು ಸಂಜೆ ನನ್ನ ಸ್ಕೂಟಿ ರಿಪೇರಿಗೆ ಬಿಟ್ಟಿದ್ದೆ. ಮೆಕ್ಯಾನಿಕ್ ಹುಡುಗ ಗಾಡಿ ಕೊಡುತ್ತಾ ಅಂದ: ‘ಅಕ್ಕಾರ, ಕಾರ್ಬೊರೇಟರ್ ತೊಳದೀನಿ. ಈಗ ನೋಡ್ರಿ, ಪಿಕಪ್ ಹೆಂಗ ಬರ್ತೈತಿ.’

ಅಲ್ಲೇ ನಿಂತೆ. ಈ ಪಿಕಪ್ ನನಗೆ ಎಷ್ಟು ವರ್ಷದಿಂದ ಗೊತ್ತು! ಗಾಡಿ ಪಿಕಪ್ ಇಲ್ಲ ಅಂದರೆ ಎಕ್ಸಲೇಟರ್ ಕೊಟ್ಟರೂ ವೇಗ ಏರುತ್ತಿಲ್ಲ ಅಂತ. ಬೆಲೆ ಪಿಕಪ್ ಆಯಿತು ಅಂದರೂ ಅದೇ. ಮಂದ ಇದ್ದದ್ದು ವೇಗ ತೆಗೆದುಕೊಂಡಿತು. ವ್ಯಾಪಾರ, ಗಾಳಿ, ಓಟ, ಕಾಯಿಲೆಯಿಂದ ಎದ್ದವರ ಆರೋಗ್ಯ, ಎಲ್ಲದಕ್ಕೂ ಈ ಮಾತು ಸಲ್ಲುತ್ತದೆ. ಸಾವ್ಕಾರ್ರಿಗೆ ಮರುದಿನ ಹೇಳಿದೆ, ರೇಟು ಪಿಕಪ್ ಆಗಿದೆಯಂತೆ ಅಂತ. ಬಿಡಿಸಿ ಹೇಳಬೇಕಾಗಲೇ ಇಲ್ಲ. ‘ಹಂಗಾದ್ರ ಈ ವಾರ ಮಾರೋದು ಬ್ಯಾಡ, ತಡಿ’ ಅಂದರು.

ನೋಡಿದರೆ ನಮ್ಮ ರಸ್ತೆಯಲ್ಲೇ ಪಿಕಪ್‌ಗಳು ಓಡಾಡುತ್ತಿವೆ. ಹಳ್ಳಿಯಿಂದ ಹತ್ತಿ ಚೀಲ ತರುವ ಸಣ್ಣ ಗೂಡ್ಸ್ ಗಾಡಿಗೆ ಪಿಕಪ್ ಅಂತೀವಿ. ನೈಟ್ ಬಸ್ ಬುಕ್ ಮಾಡಿದರೆ ಟಿಕೆಟ್ ಮೇಲೆ ಪಿಕಪ್ ಪಾಯಿಂಟ್ ಅಂತ ಬರುತ್ತದೆ. ಸ್ಟೇಷನ್‌ಗೆ ಬಂದು ನನ್ನನ್ನು ಪಿಕಪ್ ಮಾಡು ಅಂತ ತಮ್ಮನಿಗೆ ಹೇಳುತ್ತೇನೆ. ಬರೆಯುವಾಗ ಇಂಗ್ಲಿಷ್‌ನಲ್ಲಿ ಒಂದು ಕಟ್ಟಳೆ ಇದೆ. ವಸ್ತುವಿನ ಹೆಸರಾದಾಗ ಅದು ಒಂದೇ ಪದ, ಒತ್ತು ಮೊದಲ ಭಾಗದ ಮೇಲೆ. ಕೆಲಸ ಹೇಳುವಾಗ ಎರಡು ಪದ, ಅಪ್ ಸ್ಪಷ್ಟವಾಗಿ ಕೇಳುತ್ತದೆ. ಗಾಡಿಯದು ಪಿಕಪ್, ಮಾಡುವುದು ಪಿಕ್ ಅಪ್.

ಇನ್ನೊಂದು ಕಟ್ಟಳೆಯನ್ನು ನಾನು ಬಹಳ ದಿನ ಮುರಿಯುತ್ತಿದ್ದೆ. ಸ್ಯಾಂಪಲ್ ರೆಡಿ ಇದೆ, ‘ಪ್ಲೀಸ್ ಪಿಕ್ ಅಪ್ ಇಟ್’ ಅಂತ ಬರೆಯುತ್ತಿದ್ದೆ. ಅದು ಸರಿಯಲ್ಲ. ಸ್ಯಾಂಪಲ್ ಅಂತ ಹೆಸರು ಹೇಳಿದರೆ ಅದನ್ನು ಎಲ್ಲಿಯಾದರೂ ಇಡಬಹುದು, ಪಿಕ್ ಅಪ್ ದ ಸ್ಯಾಂಪಲ್, ಪಿಕ್ ದ ಸ್ಯಾಂಪಲ್ ಅಪ್, ಎರಡೂ ನಡೆಯುತ್ತದೆ. ಇಟ್, ಹಿಮ್, ದೆಮ್ ಅಂತ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು. ಪಿಕ್ ಇಟ್ ಅಪ್. ನಮಗೆ ಇದು ಕಷ್ಟ, ಯಾಕೆಂದರೆ ನಮ್ಮ ‘ಎತ್ತಿಕೊಂಡು’ ಅನ್ನೋದನ್ನು ಒಡೆದು ನಡುವೆ ‘ಅದನ್ನು’ ಹಾಕಲು ಬರುವುದಿಲ್ಲ. ಇದಕ್ಕೆ ನನಗೆ ಯಾವ ಸುಲಭ ಉಪಾಯವೂ ಸಿಗಲಿಲ್ಲ. ಹತ್ತು ಸಲ ಬಾಯಲ್ಲಿ ಹೇಳಿ ರೂಢಿ ಮಾಡಿಕೊಂಡೆ.

ಈಗ ಈ ಎಲ್ಲ ಬರೆಯಲು ಕಾರಣ ನನ್ನ ಅಕ್ಕನ ಮಗಳು. ಕೆಲಸದ ಪರೀಕ್ಷೆಗೆ ಓದುತ್ತಿದ್ದಾಳೆ, ನಮ್ಮ ಮನೆಯಲ್ಲೇ ಇದ್ದಾಳೆ. ಹೋದ ವಾರ ಗೈಡ್ ಇಟ್ಟುಕೊಂಡು ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ‘ಚಿಗವ್ವ, ಟೇಕ್ ಆಫ್‌ಗೆ ಎಂಟು, ಪಿಕ್ ಅಪ್‌ಗೆ ಹನ್ನೆರಡು, ಮೇಕ್ ಅಪ್‌ಗೆ ಒಂಬತ್ತು. ಬೆಳಿಗ್ಗಿ ನೆನಪಿಟ್ಟಿದ್ದು ಸಂಜಿಗೆ ಇರಂಗಿಲ್ಲ.’

ಗೈಡ್ ಮುಚ್ಚಿಸಿದೆ. ಎತ್ತು ಅನ್ನೋದು ತಗೊಂಡು ಕೂತೆವು. ಎತ್ತಿಡು ಅಂದರೆ ಜೋಪಾನ ಮಾಡು. ಎತ್ತಿಕಟ್ಟು ಅಂದರೆ ಒಬ್ಬರ ಮೇಲೆ ಇನ್ನೊಬ್ಬರನ್ನು ಛೂ ಬಿಡು. ಎತ್ತಿ ಆಡು ಅಂದರೆ ಚುಚ್ಚಿ ಮಾತಾಡು. ಎತ್ತಿಹಿಡಿ ಅಂದರೆ ಕೆಳಗಿನ ಕೋರ್ಟಿನ ತೀರ್ಪನ್ನು ಮೇಲಿನ ಕೋರ್ಟು ಒಪ್ಪುವುದು. ಮಾತೆತ್ತು ಅಂದರೆ ವಿಷಯ ಶುರು ಮಾಡು. ಇದರಲ್ಲಿ ಕೈಯಿಂದ ಎತ್ತುವುದು ಎಲ್ಲಿದೆ, ಕಟ್ಟುವುದು ಎಲ್ಲಿದೆ ಅಂತ ಕೇಳಿದೆ. ಅವಳು ಸುಮ್ಮನೆ ನೋಡಿದಳು. ಇದೆಲ್ಲ ನಿನಗೆ ಯಾವ ಗೈಡ್ ಕಲಿಸಿತು ಅಂದೆ.

ಆಮೇಲೆ ಭಜನೆಯ ಕಥೆ ಹೇಳಿದೆ. ನಮ್ಮೂರಲ್ಲಿ ಶ್ರಾವಣದ ಸೋಮವಾರ ಗುಡಿಯಲ್ಲಿ ರಾತ್ರಿಯೆಲ್ಲ ತತ್ವಪದ ಹಾಡುತ್ತಾರೆ. ಒಬ್ಬರು ಸಾಲು ಹಾಡಿ ಉಸಿರು ಬಿಟ್ಟಲ್ಲಿ ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ಹಾಡು ನೆಲಕ್ಕೆ ಬೀಳುವುದಿಲ್ಲ. ಬಿಟ್ಟ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸುವುದಕ್ಕೆ ಇಂಗ್ಲಿಷ್‌ನವರು ಪಿಕ್ ಅಪ್ ಅನ್ನುವುದು ಇದನ್ನೇ. ‘ಅಂದ್ರ ಎತ್ತಿಕೊಳ್ಳೋದು’ ಅಂದಳು ಅವಳು. ಹೌದು, ಕೊಳ್ಳೋದು ಅಂದೆ. ಅವಳು ಗೈಡ್ ತೆಗೆದು ಹನ್ನೆರಡು ಅರ್ಥದ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಒಂದೊಂದು ‘ಕೊಂಡು’ ಬರೆಯುತ್ತಾ ಹೋದಳು. ಎರಡು ಕಡೆ ಹೊಂದಲಿಲ್ಲ, ಅಲ್ಲಿ ಖಾಲಿ ಬಿಟ್ಟಳು. ಟೇಕ್ ಆಫ್‌ಗೆ ‘ಬಿಡು’ ಹೊಂದುತ್ತದೇನೋ ಅಂತ ಅವಳೇ ಈಗ ಹುಡುಕುತ್ತಿದ್ದಾಳೆ.

ಪಿಕ್ ಅಪ್ ಆದ ಮೇಲೆ ‘ಆನ್’ ಸೇರಿದರೆ ಇನ್ನೊಂದು ಅರ್ಥ ಬರುತ್ತದೆ. ಹೇಳದೆ ಇದ್ದದ್ದನ್ನು ಗ್ರಹಿಸುವುದು. ಅದನ್ನು ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವತ್ತು ರಾತ್ರಿ ಅವ್ವನ ಫೋನ್ ಬಂದಿತ್ತು. ಇವಳು ಬರೀ ‘ಆಯಿ, ಉಂಡೆ’ ಅಂದಿದ್ದಳು ಅಷ್ಟೇ. ಆ ಕಡೆಯಿಂದ ಅವ್ವ ಕೇಳಿದಳು, ‘ಯಾಕವ್ವಾ, ಅತ್ತಿದ್ದೇನು? ದನಿ ಸಣ್ಣಾಗೈತಿ.’

ಆ ನೂರು ಬೇಲ್ ಲೋಡು ನಾಲ್ಕನೇ ದಿನ ನಮ್ಮದೇ ಲಾರಿ ಮಾಡಿ ಕಳಿಸಿದ್ದಾಯಿತು. ಬಾಡಿಗೆ ಅವರೇ ಕೊಟ್ಟರು. ಈಗ ಪ್ರತಿ ವ್ಯಾಪಾರದಲ್ಲೂ ನಾನು ಮೇಲ್‌ಗೆ ಉತ್ತರ ಬರೆಯುವಾಗ ಎರಡು ಸಾಲು ಸೇರಿಸುತ್ತೇನೆ. ಲಾರಿ ಯಾರು ಕಳಿಸುತ್ತಾರೆ? ಬಾಡಿಗೆ ಯಾರು ಕೊಡುತ್ತಾರೆ? ಪಿಕ್ ಅಪ್ ಅನ್ನೋ ಪದವನ್ನು ಅಲ್ಲಿ ಬಳಸುವುದಿಲ್ಲ, ಸೆಂಡ್ ಮತ್ತು ಪೇ ಅಂತ ಬರೆಯುತ್ತೇನೆ. ಉತ್ತರ ಬಂದ ಮೇಲೇ ಹಮಾಲರಿಗೆ ಹೇಳುವುದು.

ಕಾಕಾ ಇನ್ನೂ ಬರುತ್ತಾರೆ. ಬೆಳಿಗ್ಗೆ ಗೇಟಿನ ಒಳಗೆ ಕಾಲಿಡುವ ಮುಂಚೆಯೇ ಕಿಟಕಿಯಿಂದ ಕೇಳುತ್ತಾರೆ. ‘ಯವ್ವಾ, ಇವತ್ತಿನ ಲಾರಿ ಯಾರ್ದು? ನಮ್ದೋ, ಅವರ್ದೋ?’

‘ನಮ್ದು ಕಾಕಾ. ಆಗಲೇ ಹೊರಟೈತಿ. ಎಂಟೂವರಿಗೆ ಬರ್ತೈತಿ.’